ನಾನು ಆರಿಸಿಕೊಟ್ಟ ಪಿಯಾನೊ

ಮೊದಲೇ ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ಕೇಳಿ ನೀವು ನಗುವುದಕ್ಕಿಂತ ಅದೇ ವಾಸಿ. ನಿಜವಾದ ಗ್ರಾಂಡ್ ಪಿಯಾನೊ ನುಡಿಯುವುದನ್ನು ಒಂದು ಸಲವೂ ಕೇಳದೆ, ಕೀಬೋರ್ಡಿನೊಳಗಿನ ಯಾವ ಪಿಯಾನೊ ಅಸಲಿಯ ಹಾಗಿದೆ ಎಂದು ತೀರ್ಪು ಕೊಟ್ಟವನು ನಾನು. ನಾನು ಕಂಡಿದ್ದ ಒಂದೇ ಒಂದು ಪಿಯಾನೊ ದೊಡ್ಡ ಹೋಟೆಲೊಂದರ ಹಜಾರದಲ್ಲಿತ್ತು. ಮುಚ್ಚಳ ಹಾಕಿ ಮೇಲೆ ಹೂದಾನಿ ಇಟ್ಟಿದ್ದರು. ಅಲ್ಲಿಗೆ ಮಿಮಿಕ್ರಿ ಮಾಡಲು ಹೋಗಿದ್ದ ನಾನು ಅದರ ಪಕ್ಕ ನಿಂತು ಬೋಂಡಾ ತಿಂದು ಬಂದೆ. ಗೆಳೆಯರ ಮುಂದೆ ಮಾತ್ರ, "ಎದುರಿಗೇ ಕೂತು ಕೇಳಿದೀನಿ ಮಗಾ, ಎದೆ ಒಳಗೆ ನುಡಿಯುತ್ತೆ" ಎಂದು ಬಿಟ್ಟಿದ್ದೆ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಕಳೆದ ವಾರ ರಾಜಾಜಿನಗರದ ವಾದ್ಯದಂಗಡಿಯಲ್ಲಿ ಒಬ್ಬ ತಂದೆ ಮಗಳಿಗೆ ಕೀಬೋರ್ಡ್ ಕೊಡಿಸಲು ಬಂದಿದ್ದರು. ಮಗಳು ಒಂದೇ ಮನೆ, ಅಂದರೆ ಒಂದೇ ಬಿಳಿ ಕೀಲಿ, ಒತ್ತುತ್ತಾಳೆ, ಸೌಂಡ್ ಬದಲಿಸುತ್ತಾಳೆ, ಮತ್ತೆ ಅದೇ ಮನೆ ಒತ್ತುತ್ತಾಳೆ. ತಂದೆ ನನ್ನತ್ತ ತಿರುಗಿ, "ನೀವು ಆರ್ಕೆಸ್ಟ್ರಾದವರಂತೆ ಸಾರ್, ಇದರಲ್ಲಿ ಯಾವುದು ಒರಿಜಿನಲ್ ಥರ ಇದೆ ಸ್ವಲ್ಪ ಹೇಳಿ" ಎಂದರು. ಕೇಳದ ಪ್ರಶ್ನೆಗೂ ಉತ್ತರ ಕೊಡುವ ಕಾಯಿಲೆ ನನ್ನದು. ಆದರೂ ಬಾಯಿಂದ ಬಂದಿದ್ದು "ಗೊತ್ತಿಲ್ಲ ಸಾರ್" ಎಂಬ ಮಾತು. ಅಂಗಡಿಯವನು ನನಗೆ ಜ್ವರವೇನಾದರೂ ಇದೆಯೇ ಎಂಬಂತೆ ನೋಡಿದ.

ನನ್ನ ಕಸುಬು ಗೊತ್ತಲ್ಲ. ಆರ್ಕೆಸ್ಟ್ರಾದಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ತನಕ ಜನ ಊಟಕ್ಕೆ ಎದ್ದುಹೋಗದ ಹಾಗೆ ಹಿಡಿದಿಡುವುದು. ಬಿಎಂಟಿಸಿ ಕಂಡಕ್ಟರು, ಕುಕ್ಕರಿನ ಸೀಟಿ, ಸ್ಟಾರ್ಟ್ ಆಗದ ಸ್ಕೂಟರು, ಹೊಸದಾಗಿ ಬಂದ ಮೊಬೈಲುಗಳ ರಿಂಗ್‌ಟೋನು, ಎಲ್ಲವೂ ನನ್ನ ಗಂಟಲಲ್ಲಿದ್ದವು. ಮನೆಯಲ್ಲಿ ಫೋನು ಬಡಿದರೆ ನಮ್ಮಪ್ಪ ಏಳುವುದನ್ನೇ ಬಿಟ್ಟಿದ್ದರು. ನಾನೇ ಇರಬೇಕು ಅಂತ. ಆರ್ಕೆಸ್ಟ್ರಾ ಗೋವಿಂದರಾಜನಗರದ ಮೂರ್ತಿ ಸಾರ್ ಅವರದು. ಮುಂದಿನ ಕೀಬೋರ್ಡಿನಲ್ಲಿ ಅವರ ಬಾಮೈದ ಗಿರೀಶ ಕೂರುತ್ತಿದ್ದ. ಅವನು ನುಡಿಸುವುದು ಲಿಫ್ಟಿನ ಗುಂಡಿ ಒತ್ತಿದ ಹಾಗಿರುತ್ತಿತ್ತು. ಹಿಂದಿನ ಹಳೆಯ ಕೀಬೋರ್ಡಿನಲ್ಲಿ ಸಂಗಮೇಶ, ನಮಗೆಲ್ಲ ಸಂಗು. ಬಾಗಲಕೋಟೆ ಕಡೆಯವನು, ಹಗಲು ಜ್ಞಾನಭಾರತಿ ಗೇಟಿನ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಹಾಡಿನ ಹಿಂದೆ 'ಊಂ' ಎಂದು ಒಂದೇ ಸಮ ತುಂಬಿಸುವುದಷ್ಟೇ ಅವನ ಪಾಲು. ನಮ್ಮೆಲ್ಲರಿಗಿಂತ ಕೈ ಚೆನ್ನಾಗಿದ್ದವನು ಅವನೇ ಎಂಬುದು ಎಲ್ಲರಿಗೂ ಗೊತ್ತಿತ್ತು, ಗಿರೀಶನಿಗೂ.

ಸಂಗುವಿನ ಮಾತು ನನಗೆ ದಿನದ ತಿಂಡಿ. "ಹೆಂಗದೀಯಪಾ" ಎಂದು ಅವನು ಬಾಯಿ ತೆರೆಯುವ ಮೊದಲೇ ನಾನು ಅದೇ ದನಿಯಲ್ಲಿ ಕೇಳಿಬಿಡುತ್ತಿದ್ದೆ. ಅವನು ನಗುತ್ತಿದ್ದ. ನಗುತ್ತಾನೆ, ಅಂದಮೇಲೆ ಖುಷಿಯಾಗಿದೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ.

ಮೊಬೈಲು ಹೊಸದಾಗಿದ್ದ ಆ ವರ್ಷ ಮೂರ್ತಿ ಸಾರ್ ದೊಡ್ಡ ವರ್ಕ್‌ಸ್ಟೇಶನ್ ತಂದರು. ಕೊಳಲು, ಪಿಟೀಲು, ಡ್ರಮ್ಮು, ಎಲ್ಲದರ ದನಿಯೂ ಒಳಗೇ ಇರುವ ಕೀಬೋರ್ಡು. ನನ್ನ ಜಾತಿಯದೇ ಪ್ರಾಣಿ, ಆದರೆ ನನ್ನಷ್ಟು ಊಟ ಮಾಡುವುದಿಲ್ಲ. ಸಂಗು ಅದರ ಮೇಲೆ ಕೈಯಾಡಿಸುವುದನ್ನು ಒಂದು ಸಂಜೆ ನೋಡಿ ಸಾರ್ ಹೇಳಿದರು: "ವಿಜಯನಗರದ ಛತ್ರದಲ್ಲಿ ಶನಿವಾರ ರಿಸೆಪ್ಷನ್ ಇದೆಯಲ್ಲಪ್ಪ, ಓಪನಿಂಗ್ ನೀನೊಬ್ಬನೇ ಬಾರಿಸು. ಪಿಯಾನೊ ಇರಲಿ, ರಿಚ್ ಆಗಿರುತ್ತೆ. ಚೆನ್ನಾಗಿ ಬಂದ್ರೆ ಅವತ್ತಿಂದ ಇದು ನಿಂದೇ." ಗಿರೀಶ ಮುಖ ಊದಿಸಿಕೊಂಡ. ಸಂಗು ಕೀಬೋರ್ಡಿನ ಮೇಲೆ ಧೂಳು ಇಲ್ಲದಿದ್ದರೂ ತನ್ನ ಅಂಗಿಯ ತುದಿಯಿಂದ ಒರೆಸಿದ.

ಹಾಗೆ ಒಂದು ಭಾನುವಾರ ಮಧ್ಯಾಹ್ನ ವರ್ಕ್‌ಸ್ಟೇಶನ್ನು ಆಟೋದಲ್ಲಿ ಮಲಗಿ ಸಂಗುವಿನ ಬಾಡಿಗೆ ರೂಮಿಗೆ ಬಂತು. ಮಹಡಿಯ ಮೇಲಿನ ಶೀಟಿನ ರೂಮು; ಒಳಗೆ ಕೂತರೆ ಇಡ್ಲಿ ಬೆಂದ ಹಾಗೆ ಬೇಯಬೇಕು. ಕೆಳಗಿನ ಮನೆಯವರಿಗೆ ಗಲಾಟೆಯಾಗಬಾರದೆಂದು ಹೆಡ್‌ಫೋನ್ ಸಿಕ್ಕಿಸಿದೆವು. ಅವನು ಒಂದು ಸಲ ಹಾಕಿಕೊಂಡು ಕೇಳುವುದು, ಆಮೇಲೆ ನನ್ನ ತಲೆಗೆ ಹಾಕುವುದು. ಪಿಯಾನೊ ಅಂದರೆ ಒಂದಲ್ಲ ಅದರಲ್ಲಿ. ಒಂದು ಗಾಜಿನ ಲೋಟ ಬಡಿದಂತೆ ಚುರುಕು, ಒಂದು ಕಂಬಳಿ ಹೊದ್ದಂತೆ ಮಂಕು. ಒಂದರಲ್ಲಿ ಮೆಲ್ಲಗೆ ಒತ್ತಿದರೆ ಪಿಸುಮಾತು, ಜೋರಾಗಿ ಒತ್ತಿದರೆ ಬೈಗುಳ. ಮಂದ್ರದ ಮನೆಯೊಂದನ್ನು ಒತ್ತಿ ಹಿಡಿದು, ದನಿ ಪೂರಾ ಸಾಯುವ ತನಕ ಇಬ್ಬರೂ ಉಸಿರು ಹಿಡಿದು ಕೂರುತ್ತಿದ್ದೆವು. ಕೊನೆಗೆ ಎರಡು ಉಳಿದವು.

"ನೀ ಖರೇ ಪಿಯಾನೊ ಕೇಳಿದಾವ. ನೀನ ಹೇಳಪಾ, ಯಾವುದು?" ಎಂದ ಸಂಗು.

ಅವನು ತಮಾಷೆ ಮಾಡುತ್ತಿರಲಿಲ್ಲ. ನನ್ನ ಬೋಂಡಾ ಪಿಯಾನೊವನ್ನು ಪೂರಾ ನಂಬಿದ್ದ. ನಾನು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಸಂಗೀತ ವಿಮರ್ಶಕರ ಗಂಟಲಿನಲ್ಲಿ ಕೆಮ್ಮಿ, ಅಗಲವಾಗಿ ಕೇಳುತ್ತಿದ್ದದ್ದನ್ನು ಆರಿಸಿದೆ. ತಗ್ಗಿನ ಸ್ವರ ಎಡಗಿವಿಯಲ್ಲಿ ಹುಟ್ಟಿ, ಮೇಲಕ್ಕೆ ಹೋದಂತೆಲ್ಲ ಬಲಗಿವಿಯ ಕಡೆಗೆ ನಡೆದುಕೊಂಡು ಹೋಗುತ್ತಿತ್ತು. ತಲೆಯೊಳಗೇ ಒಂದು ಹಜಾರ ಕಟ್ಟಿದಂತೆ. ಪಟ್ಟಿಯ ಕೊನೆಯಲ್ಲಿ 'ಮೋನೋ' ಎಂದು ಇನ್ನೊಂದಿತ್ತು. ಸಂಗು ಅದನ್ನೂ ಒತ್ತಲು ಹೋದ. "ಅದು ಬಡವರ ಪಿಯಾನೊ ಬಿಡೋ" ಎಂದೆ. ಇಬ್ಬರೂ ನಕ್ಕೆವು.

ಶನಿವಾರಕ್ಕೆ ಅವನು ನುಡಿಸಲು ಆರಿಸಿಕೊಂಡಿದ್ದು ಯಾವ ಸಿನಿಮಾದ್ದೂ ಅಲ್ಲ. ಊರಿನಲ್ಲಿ ಅವನ ಅವ್ವ ರೊಟ್ಟಿ ಬಡಿಯುತ್ತ ಗುನುಗುತ್ತಿದ್ದ ಒಂದು ಧಾಟಿ. ಅದನ್ನೇ ಹಿಗ್ಗಿಸಿ, ಎಡಗೈಗೆ ಕೆಲಸ ಕೊಟ್ಟು ಕಟ್ಟಿದ್ದ. ಆ ಹೆಡ್‌ಫೋನಿನಲ್ಲಿ ಕೇಳಿದಾಗ, ನಾನೂ ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದೆ. ಸಾಕ್ಷಿಯಿಲ್ಲ, ನಂಬಿ.

ಶನಿವಾರ ಸೌಂಡ್ ಹಾಕುವವನು ಬಂದದ್ದೇ ತಡವಾಗಿ. ಹೆಣ್ಣು ಗಂಡು ಆಗಲೇ ಸಿಂಹಾಸನದಲ್ಲಿ ಕೂತಿದ್ದರು. "ಹಲೋ, ಚೆಕ್" ಎಂದು ಅವನು ಮೈಕಿಗೆ ಎರಡು ಸಲ ಊದಿದ್ದಷ್ಟೇ ನಮ್ಮ ಪರೀಕ್ಷೆ. ಕೀಬೋರ್ಡಿನ ಎಡ ಬಲದ ಎರಡು ವೈರುಗಳನ್ನು ಒಂದೇ ಜಾಯಿಂಟಿಗೆ ಸೇರಿಸಿ ಒಂದೇ ತೂತಿಗೆ ಸಿಕ್ಕಿಸಿದ. ಛತ್ರದ ಸ್ಪೀಕರುಗಳಿಗೆಲ್ಲ ಹೋಗುವುದು ಒಂದೇ ದನಿ, ಯಾವಾಗಲೂ ಹಾಗೇ. ನಮಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಸಂಗು ಶುರು ಮಾಡಿದ. ಎಡಕ್ಕೂ ಬಲಕ್ಕೂ ಅಗಲವಾಗಿ ಹರಡಿಕೊಂಡಿದ್ದ ಆ ಪಿಯಾನೊ, ಒಂದೇ ವೈರಿನೊಳಗೆ ತುರುಕಿದ್ದೇ ತಡ, ತನ್ನನ್ನು ತಾನೇ ತಿಂದುಕೊಂಡುಬಿಟ್ಟಿತು. ಮಂದ್ರವೇ ಇಲ್ಲ. ನಡುವಿನ ಸ್ವರಗಳು ಟೊಳ್ಳು. ಉಳಿದದ್ದು ತಗಡು ಬಡಿದಂಥ ಟಿಣ್ ಟಿಣ್. ಅವನು ಇನ್ನೂ ಜೋರಾಗಿ ಒತ್ತಿದ. ತಗಡು ಇನ್ನೂ ಜೋರಾಯಿತು. ಕಣ್ಣೆತ್ತಿ ನನ್ನ ಕಡೆ ನೋಡಿದ. ಮುಂದಿನ ಸಾಲಿನವರು ಪಕ್ಕದವರ ಜತೆ ಮಾತಿಗೆ ತೊಡಗಿದ್ದರು. ಮೂರ್ತಿ ಸಾರ್ ನನಗೆ ಕೈಸನ್ನೆ ಮಾಡಿದರು, ಏನಾದರೂ ಮಾಡು ಎಂದು.

ನಾನು ಮಾಡಿದೆ. ಮೈಕ್ ತೆಗೆದುಕೊಂಡು ಮೊದಲು ಆ ಟಿಣ್ ಟಿಣ್ ಅನ್ನು ಬಾಯಲ್ಲೇ ನುಡಿಸಿದೆ, ತದ್ವತ್. ಆಮೇಲೆ ಸಂಗುವಿನ ದನಿ ತೆಗೆದು, "ಏ ಅವ್ವಾ, ರೊಟ್ಟಿ ತಾಟು ಬಿತ್ತ ನೋಡ" ಎಂದೆ.

ಛತ್ರ ಬಿದ್ದು ಬಿದ್ದು ನಕ್ಕಿತು. ಅಲ್ಲಿಯ ತನಕ ನಕ್ಕಿರದ ಮದುವೆ ಗಂಡೂ ನಕ್ಕ. ಆ ವರ್ಷದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ನಗು ಅದು. ಸಂಗುವಿನ ಕೈ ಮನೆಗಳ ಮೇಲೆಯೇ ನಿಂತಿತ್ತು. ಅವನು ಎದ್ದು ಹಿಂದಿನ ಕೀಬೋರ್ಡಿಗೆ ಹೋಗಿ ಕೂತು, ಉಳಿದ ಕಾರ್ಯಕ್ರಮಕ್ಕೆಲ್ಲ 'ಊಂ' ತುಂಬಿಸಿದ. ಒಂದು ಸ್ವರವೂ ತಪ್ಪಲಿಲ್ಲ. ಊಟಕ್ಕೆ ಮಾತ್ರ ನಿಲ್ಲಲಿಲ್ಲ. ಮುಂದಿನ ಕಾರ್ಯಕ್ರಮಕ್ಕೂ ಬರಲಿಲ್ಲ, ಅದರ ಮುಂದಿನದಕ್ಕೂ. ವರ್ಕ್‌ಸ್ಟೇಶನ್ನಿನ ಮೇಲೆ ಗಿರೀಶ ಇವತ್ತಿಗೂ ಲಿಫ್ಟಿನ ಗುಂಡಿ ಒತ್ತುತ್ತಿದ್ದಾನೆ.

ವೈರಿನ ವಿಷಯ ಅವತ್ತು ರಾತ್ರಿ ಸೌಂಡಿನವನಿಂದಲೇ ಗೊತ್ತಾಯಿತು. "ಎರಡನ್ನೂ ಒಂದು ಮಾಡಿದ್ರೆ ಕೆಲವು ಸೌಂಡು ಹಂಗೇ ಸಾಯ್ತವೆ ಗುರು, ಅದಕ್ಕೇ ಒಂದೇ ವೈರಿಗೆ ಅಂತ ಮೋನೋ ಬೇರೆ ಇಟ್ಟಿರ್ತಾರೆ" ಎಂದ, ಬೀಡಿ ಆರಿಸುತ್ತ. ನನಗೆ ಎಷ್ಟು ಹಗುರಾಯಿತೆಂದರೆ, ಆ ಹಗುರಕ್ಕೆ ಈಗ ನಾಚಿಕೆಯಾಗುತ್ತದೆ. ತಪ್ಪು ಅವನದೂ ಅಲ್ಲ, ನನ್ನದೂ ಅಲ್ಲ, ತಾಮ್ರದ ತಂತಿಯದು. ಮರುದಿನವೇ ಜೆರಾಕ್ಸ್ ಅಂಗಡಿಗೆ ಓಡಿದೆ. ಸಂಗು ಯಾರದೋ ನೋಟ್ಸ್ ಮಗುಚಿ ಹಾಕುತ್ತಿದ್ದ. ಎಡ, ಬಲ, ಜಾಯಿಂಟು, ಮೋನೋ, ಎಲ್ಲ ಕೈಯಾಡಿಸಿ ವಿವರಿಸಿದೆ. "ನೋಡು ಮಗಾ, ಗಿರೀಶ ಅಲ್ಲ, ಯಾರು ಬಾರಿಸಿದ್ರೂ ಹಂಗೇ ಆಗ್ತಿತ್ತು. ನಾನು ಮೂರ್ತಿ ಸಾರ್‌ಗೆ ಹೇಳ್ತೀನಿ, ಬಾ" ಎಂದೆ.

ಅವನು ಪೂರಾ ಕೇಳಿಸಿಕೊಂಡ. ನಗಲಿಲ್ಲ.

ಇವತ್ತಿಗೂ ಜನ ಹಳೆಯ ಆರ್ಕೆಸ್ಟ್ರಾದವರ ದನಿ ತೆಗೆ ಅನ್ನುತ್ತಾರೆ, ತೆಗೆಯುತ್ತೇನೆ. ಸಂಗುವಿನದನ್ನು ಕೇಳಿದರೆ ಮರೆತುಹೋಗಿದೆ ಎನ್ನುತ್ತೇನೆ. ಮರೆತಿಲ್ಲ. ಅವತ್ತು ಜೆರಾಕ್ಸ್ ಯಂತ್ರದ ಮುಚ್ಚಳ ಇಳಿಸುತ್ತ, ನನ್ನ ಮುಖ ನೋಡದೆ ಅವನು ಹೇಳಿದ್ದು ಅಕ್ಷರಶಃ ಇದು:

"ಪಿಯಾನೊ ವೈರಿನಿಂದ ಕೆಟ್ಟೈತಿ, ಖರೆ. ಮೈಕ್ ಯಾರ ಕೈಯಾಗ ಇತ್ತು?"