ಸಂಖದ ಆಯಿ, ಪುಣೆಯ ಆಯಿ

ಪುಣೆಯಲ್ಲಿ ಬೆಳಗಿನ ರೈಲು ಹತ್ತಿದಾಗ ತೆಳ್ಳಗೆ ಮಂಜಿತ್ತು. ಗಡಿಯ ಕನ್ನಡದೂರು ಸಂಖದಲ್ಲಿರುವ ನಮ್ಮ ಆಯಿ ಹದಿನೈದು ದಿನದಿಂದ ಫೋನಿನಲ್ಲಿ ನನ್ನೊಡನೆ ಮಾತು ಬಿಟ್ಟಿದ್ದಳು. ಅವಳನ್ನು ಮಾತಾಡಿಸಲೆಂದೇ ಎರಡು ದಿನ ರಜೆ ಹಾಕಿ ಹೊರಟಿದ್ದೆ.

ನಮ್ಮ ಕಡೆ ಆಯಿ ಎಂದರೆ ಅಜ್ಜಿ, ಮರಾಠಿಯಲ್ಲಿ ತಾಯಿ. ನಮ್ಮ ಆಯಿ ಕುರಿಮರಿಗಳ ಜೊತೆ ಹರಟುವ ವಿಡಿಯೋವನ್ನು ಜಾಲತಾಣಕ್ಕೆ ಹಾಕಿ, ಕೆಳಗೆ ಮರಾಠಿ ಅಕ್ಷರದಲ್ಲಿ ‘ಆಯಿ’ ಎಂದು ಬರೆದದ್ದು ನನ್ನ ತಪ್ಪು. ತಾಯಿಗೆ ಇಷ್ಟು ವಯಸ್ಸೇ ಎಂದು ಪುಣೆಯವರು ನಕ್ಕರು. ಇದು ಯಾವ ಸೀಮೆಯ ಕನ್ನಡ ಎಂದು ಬೆಂಗಳೂರಿನ ಯಾರೋ ಕೇಳಿದರು. ಪುಣೆಯಲ್ಲಿ ನಾನು ಕಾನಡಿ, ಕನ್ನಡದವರಿಗೆ ಮರಾಠಿ. ನಾಚಿಕೆಯಾಗಿ ವಿಡಿಯೋ ಅಳಿಸಿಬಿಟ್ಟೆ. ಊರಿನ ನಮ್ಮ ಓಣಿಯ ಹುಡುಗಿಯರು ಆಯಿಗೆ ಸುದ್ದಿ ಮುಟ್ಟಿಸಿದರು.

ಮಿರಜದಲ್ಲಿ ಇಳಿದು, ಭಡಂಗ್ ಎನ್ನುವ ಖಾರದ ಚುರುಮುರಿ ಕಟ್ಟಿಸಿಕೊಂಡೆ. ಜತ್ತದ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್, ಕಿಟಕಿ ಮಾತ್ರ ಪೂರ್ತಿ ನನ್ನದೇ. ದಿನ್ನೆಗಳ ಮೇಲೆ ಗಾಳಿಯಂತ್ರಗಳು ಅವಸರವಿಲ್ಲದೆ ತಿರುಗುತ್ತಿದ್ದವು. ನೋಡುತ್ತ ನೋಡುತ್ತ ಜೋಂಪು ಹತ್ತಿತು. ಸುತ್ತಲಿನ ಮರಾಠಿ ಯಾವ ತಿರುವಿನಲ್ಲಿ ಕನ್ನಡವಾಯಿತೋ ತಿಳಿಯಲಿಲ್ಲ. ಜತ್ತದಲ್ಲಿ ಸಂಖದ ಬಸ್ಸು ಹತ್ತಿದಾಗ, “ಬರ್ರಿ, ಇಲ್ಲಿ ಕುಂದ್ರಿ” ಎಂದು ಗುರುತಿಲ್ಲದ ಹೆಂಗಸೊಬ್ಬಳು ಸರಿದು ಜಾಗ ಕೊಟ್ಟಳು. ಅಷ್ಟಕ್ಕೇ ನನಗೆ ಕಣ್ಣು ತುಂಬಿತು.

ಮನೆ ಮುಟ್ಟಿದಾಗ ಇಳಿಹೊತ್ತು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆಯಿ ಕುರಿಹಟ್ಟಿಯಲ್ಲಿ ನನಗೆ ಬೆನ್ನು ಮಾಡಿ ಕೂತಿದ್ದಳು.

“ಸಿಟ್ಟ ಬಂದೈತೇನ ಆಯಿ?”

“ನನ್ನ ಮಾತಿಗಿ ನೀ ನಾಚಿದ್ಯಂತ, ಹೌದೇನ?”

“ಮಂದಿ ನಿನ್ನ ನಮ್ಮವ್ವ ಅಂತ ತಿಳಕೊಂಡು ನಕ್ರು.”

ಆಗ ತಿರುಗಿದಳು. “ನಿಮ್ಮವ್ವ ಆರು ತಿಂಗಳ ದವಾಖಾನ್ಯಾಗ ಇದ್ದಾಗ ನಿನ್ನ ಜ್ವಾಕಿ ಮಾಡಿದಾಕಿ ಯಾರು? ಮರಾಠಿ ಮಂದಿ ಖರೇನ ಅಂದಾರ.”

ನಾನು ಅವಳ ಪಕ್ಕ ಕೂತೆ. “ತಪ್ಪಾತು” ಎಂದೆ. ಅವಳು ಒಂದು ಮರಿಯನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು. ಅದರ ಬಿಸಿ ಉಸಿರು ಮೊಣಕೈಗೆ ತಾಗುತ್ತಿತ್ತು. ಕತ್ತಲಾಗುವವರೆಗೂ ಇಬ್ಬರೂ ಅಲ್ಲೇ ಕೂತಿದ್ದೆವು.

ಮರುದಿನ ಬಸ್ಸಿನವರೆಗೆ ಬಂದಳು. “ಆ ವಿಡಿಯೋ ಮತ್ತ ಹಾಕು. ಆಯಿ ಅಂತನ ಬರಿ” ಎಂದಳು. ಬಸ್ಸು ತಿರುವಿನಲ್ಲಿ ಹೊರಳುವ ಮೊದಲೇ ಹಾಕಿದೆ. ಹಿಂತಿರುಗಿ ನೋಡಿದಾಗ ಧೂಳಿನಲ್ಲಿ ಅವಳ ಸೆರಗಷ್ಟೇ ಕಂಡಿತು.

ಪುಣೆಯಲ್ಲಿ ಕೋಣೆಯ ಗೆಳತಿ ಬಾಗಿಲು ತೆರೆದು, “ಆಯಿ ಕಶೀ ಆಹೆ?” ಎಂದಳು. ಹೇಗಿದ್ದಾಳೆ ಎಂದು ಕೇಳಿದ್ದು ಅವ್ವನನ್ನೋ ಅಜ್ಜಿಯನ್ನೋ, ನಾನು ವಿಚಾರಿಸಲು ಹೋಗಲಿಲ್ಲ.

“ಚಲೋ ಅದಾಳ” ಎಂದೆ.