ಮತ್ತೆ ಬಾವಿಯ ಕಡೆಗೆ ಹೋದ ಓದು

ಕುರ್‌ಆನಿನ ಯೂಸುಫ್ ಅಧ್ಯಾಯ, ಸೂರಃ ಯೂಸುಫ್, ಅರ್ಧ ದಾಟಿದ ಮೇಲೆ ನನ್ನ ನಾಲಿಗೆ ದಾರಿ ತಪ್ಪಿತು. ಕಳೆದ ರಮಝಾನಿನ ಹತ್ತನೆಯ ತರಾವೀಹ್ ಅದು, ಇಡೀ ಕುರ್‌ಆನನ್ನು ತಿಂಗಳಲ್ಲಿ ಓದಿ ಮುಗಿಸುವ ರಾತ್ರಿಯ ನಮಾಝ್. ಮೊರಬದ ನಮ್ಮ ಮಸೀದಿಯಲ್ಲಿ ಇಮಾಮರ ಜಾಗದಲ್ಲಿ ನಾನು ನಿಂತಿದ್ದೆ, ಬೆನ್ನ ಹಿಂದೆ ಐದು ಸಾಲು ಜನ. ಕುರ್‌ಆನ್ ಬಾಯಿಪಾಠ ಮಾಡಿ, ಆಮೇಲೆ ಮರೆತು, ನಾಚಿಕೆಯಿಂದ ಸುಮ್ಮನಿರುವ ಸಹೋದರರು ಎಲ್ಲೆಲ್ಲೋ ಇರುತ್ತಾರೆ. ಅವರಿಗೆ ಸಲಾಂ ಹೇಳಿ ಇದನ್ನು ಬರೆಯುತ್ತಿದ್ದೇನೆ.

ಹದಿನೈದನೆಯ ವಯಸ್ಸಿಗೆ ಇಡೀ ಕುರ್‌ಆನ್ ಬಾಯಿಪಾಠವಾಗಿ ನಾನು ಹಾಫಿಝ್ ಆಗಿದ್ದೆ. ನನ್ನ ಜೊತೆಗೆ ಕಲಿತವನು ದಸ್ತಗೀರ. ಇಬ್ಬರಿಗೂ ಒಂದೇ ಮದರಸಾ, ಒಂದೇ ಕುರ್‌ಆನ್ ಪ್ರತಿ. ಒಬ್ಬ ಓದಿದರೆ ಇನ್ನೊಬ್ಬ ಕೇಳಿ ತಿದ್ದಬೇಕು. ಮುಂದೆ ನಾನು ಧಾರವಾಡಕ್ಕೆ ಹೋಗಿ ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದೆ. ನೆನಪು ಎನ್ನುವುದು ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ, ಮನಸ್ಸು ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳುವ ಕತೆ ಎಂದು ಅಲ್ಲಿ ಕಲಿತೆ. ಅಂದಿನಿಂದ ನನ್ನ ಓದಿನ ಮೇಲೆ ನನಗೇ ಅನುಮಾನ ಹುಟ್ಟಿತು. ಅನುಮಾನ ಹುಟ್ಟಿದ್ದಕ್ಕೆ ಓದು ಬಿಟ್ಟೆನೋ, ಓದು ಬಿಟ್ಟಿದ್ದಕ್ಕೆ ಅನುಮಾನ ಹುಟ್ಟಿತೋ, ಈಗ ಹೇಳಲಾರೆ. ಹತ್ತೊಂಬತ್ತು ವರ್ಷ ಹಾಗೇ ಹೋಯಿತು.

ಅಮ್ಮ ತೀರಿದ ಮೂರನೆಯ ದಿನ ಮನೆಯಲ್ಲಿ ಎಲ್ಲರೂ ಕುರ್‌ಆನಿನ ಮೂವತ್ತು ಪಾರಾಗಳಲ್ಲಿ, ಎಂದರೆ ಭಾಗಗಳಲ್ಲಿ, ಒಂದೊಂದನ್ನು ಹಿಡಿದು ಓದಲು ಕೂತರು. ನಾನೂ ಪುಸ್ತಕ ನೋಡಿಯೇ ಓದಿದೆ, ಅಲ್ಲಲ್ಲಿ ತಡವರಿಸಿದೆ. ಅಮ್ಮನ ತಂಗಿ, ನನ್ನ ಖಾಲಾ, ಬಾಗಿಲಲ್ಲಿ ನಿಂತು ಕೇಳಿದಳು: “ನಿಮ್ಮವ್ವ ದಿನಾ ಮುಂಜಾನೆ ನೆನಸಿಟ್ಟ ಬಾದಾಮಿ ತಿನ್ನಸ್ತಿದ್ಲು, ನೆನಪ ಗಟ್ಟಿ ಆಗ್ಲೆಂತ. ಆ ಬಾದಾಮಿ ಎಲ್ಲಾ ಎಲ್ಲಿ ಹೋದುವೋ, ಮಾಸ್ತರ?”

ನಾನು ಎದ್ದು ಹಿತ್ತಲಿಗೆ ಹೋದೆ. ಹಿಂದೆಯೇ ದಸ್ತಗೀರ ಬಂದ. ಅವನು ಊರಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ನಾನು ನವಲಗುಂದದ ಕಾಲೇಜಿನಲ್ಲಿ ಪಾಠ ಮಾಡುವುದರಿಂದ ಊರಿಗೆಲ್ಲ ‘ಸರ್’. ಅವನನ್ನು ಮಾತ್ರ ಜನ ಈಗಲೂ ‘ಹಾಫಿಝ್’ ಎಂದೇ ಕರೆಯುತ್ತಾರೆ. ಮನೆಯೊಳಗೆ ಉರ್ದು ಆಡಿದರೂ ನಾವಿಬ್ಬರು ಬೈದಾಡಿಕೊಂಡು ಬೆಳೆದದ್ದು ಕನ್ನಡದಲ್ಲಿ.

“ಹುಚ್ಚಪ್ಯಾ, ಅಳಬ್ಯಾಡ,” ಅಂದ. “ನಾಳಿಂದ ಮುಂಜಾನೆ ಫಜರ್ ನಮಾಝ್ ಆದಮ್ಯಾಲೆ ನನ್ನ ಮುಂದ ಕುಂತು ಓದು. ನಾ ಕೇಳ್ತೀನಿ.”

“ಹತ್ತೊಂಬತ್ತು ವರ್ಷ ಆತಲೇ.”

“ಆಗ್ಲಿ. ನಾ ಅದೀನಲ್ಲ?”

ಆ ಮಾತನ್ನು ನಾನು ನಂಬಿದೆ. ಹನ್ನೊಂದು ತಿಂಗಳು ನವಲಗುಂದದ ಬಸ್ಸಿನಲ್ಲಿ ಹೋಗಿ ಬರುವಾಗ ಹಳೆಯ ಪುಟಗಳನ್ನು ಮತ್ತೆ ಬಾಯಿಗೆ ತಂದುಕೊಂಡೆ. ತಂದುಕೊಂಡದ್ದನ್ನು ದಿನವೂ ಬೆಳಿಗ್ಗೆ ಮಸೀದಿಯ ಪಡಸಾಲೆಯಲ್ಲಿ ಅವನ ಎದುರು ಓದುತ್ತಿದ್ದೆ. ಅವನು ಕುರ್‌ಆನ್ ಪ್ರತಿ ಹಿಡಿಯದೆ ಕಣ್ಣು ಮುಚ್ಚಿ ಕೇಳುತ್ತಿದ್ದ. ಪುಟ ಮುಗಿದಾಗ “ಮುಂದ” ಅನ್ನುತ್ತಿದ್ದ. ತಿದ್ದಿದ್ದು ಬಹಳ ಕಡಿಮೆ. ನನ್ನ ಸ್ವಭಾವಕ್ಕೆ ತಕ್ಕಂತೆ ನಾನು ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಆದರೆ ತಿರುಗಿ ಒಮ್ಮೆಯೂ ಕೇಳಲಿಲ್ಲ. ನನ್ನ ನೆನಪಿನ ಮೇಲೆ ನಂಬಿಕೆ ಇರಲಿಲ್ಲ, ಅವನ ಕಿವಿಯ ಮೇಲೆ ಇತ್ತು.

ರಮಝಾನಿನಲ್ಲಿ ತರಾವೀಹ್ ಓದಿಸಲು ಹೊರಗಿನಿಂದ ಬಂದಿದ್ದ ಹಾಫಿಝರು ಕಾಮಾಲೆಯಾಗಿ ನವಲಗುಂದದ ಆಸ್ಪತ್ರೆ ಸೇರಿದರು. ದಸ್ತಗೀರನನ್ನು ಕೇಳಿದರೆ ಗಂಟಲು ಸರಿಯಿಲ್ಲ ಎಂದ. ಪ್ರತಿ ವರ್ಷವೂ ಅವನು ಅದನ್ನೇ ಹೇಳುತ್ತಿದ್ದ. ಜಮಾತಿನ ಹಿರಿಯರಾದ ಬಾಬುಸಾಬ ಕಾಕಾ ನನ್ನ ಬಳಿ ಬಂದರು.

“ಸರ, ನೀವ ನಿಲ್ರಿ.”

“ಕಾಕಾ, ನನ್ನ ನೆನಪಿನ ಮ್ಯಾಲೆ ನನಗ ಭರೋಸಾ ಇಲ್ರಿ.”

“ಹಿಂದ ದಸ್ತಗೀರ ಇರ್ತಾನ. ಅವನ ಮ್ಯಾಲರ ಐತಿಲ್ಲೋ?”

“ಐತ್ರಿ,” ಎಂದೆ.

ಸೂರಃ ಯೂಸುಫ್‌ನಲ್ಲಿ ಯೂಸುಫರ ತಂದೆ ಯಾಕೂಬರು ಉಳಿದ ಮಕ್ಕಳ ಬಾಯಿಂದ ಎರಡು ಸಲ ಕೆಟ್ಟ ಸುದ್ದಿ ಕೇಳುತ್ತಾರೆ. ಎರಡು ಸಲವೂ ಉತ್ತರ ಒಂದೇ ಮಾತಿನಿಂದ ಶುರುವಾಗುತ್ತದೆ: ಇದು ನಿಮ್ಮ ಮನಸ್ಸು ಹೆಣೆದದ್ದು, ನನಗಿನ್ನು ಸಹನೆಯೇ ದಾರಿ. ಮೊದಲ ಸಲ ಅದು ಅಲ್ಲಾಹನ ನೆರವು ಬೇಡಿ ಮುಗಿದು, ಕತೆ ಅಣ್ಣಂದಿರು ಯೂಸುಫರನ್ನು ತಳ್ಳಿದ ಬಾವಿಯ ಹತ್ತಿರ ಬಂದ ದಾರಿಹೋಕರ ಕಡೆ ಹೋಗುತ್ತದೆ. ಎರಡನೆಯ ಸಲ ಹಾಗಲ್ಲ. ಅಲ್ಲಾಹನು ಅವರೆಲ್ಲರನ್ನೂ ಒಟ್ಟಿಗೇ ನನ್ನ ಬಳಿ ತಂದಾನು ಎಂದು ಆ ಮುದಿ ತಂದೆ ಕಳೆದುಹೋದ ಮಕ್ಕಳ ಬಗ್ಗೆ ಆಸೆಯ ಮಾತು ಹೇಳುತ್ತಾರೆ. ಹಾಫಿಝರು ಕಾಲು ಜಾರುವ ಜಾಗ ಇದು.

ನಾನು ಎರಡನೆಯ ಜಾಗದಲ್ಲಿ ನಿಂತು ಮೊದಲನೆಯದಕ್ಕೆ ಜಾರಿದೆ. ದಾರಿಹೋಕರ ಕೊಡ ಬಾವಿಗೆ ಇಳಿಯುವ ಸಾಲಿಗೆ ಬಂದಾಗ ತಪ್ಪು ತಿಳಿಯಿತು. ಹಿಂದೆ ಬಂದೆ. ಮತ್ತೆ ಬಾವಿಗೇ ಹೋದೆ. ಹೀಗೆ ಸಿಕ್ಕಿಕೊಂಡ ಇಮಾಮನಿಗೆ ಹಿಂದೆ ನಿಂತ ಹಾಫಿಝ್ ಮುಂದಿನ ಮಾತು ಎತ್ತಿಕೊಡಬೇಕು, ಅದಕ್ಕೆ ಲುಕ್ಮಾ ಎನ್ನುತ್ತೇವೆ. ನಾನು ಕಾದೆ. ದಸ್ತಗೀರನ ಉಸಿರು ನನಗೆ ಕೇಳಿಸುತ್ತಿತ್ತು. ಮಾತು ಬರಲಿಲ್ಲ. ಮೂರನೆಯ ಸಲವೂ ಬಾವಿಯ ಕಡೆಗೇ ಹೊರಳಿದಾಗ ಓದು ನಿಲ್ಲಿಸಿ ರುಕೂಗೆ ಬಾಗಿದೆ. ನಮಾಝಿನ ಉಳಿದ ಸುತ್ತುಗಳಾದ ರಕಅತ್‌ಗಳನ್ನು ಸಣ್ಣ ಸೂರಃಗಳಲ್ಲಿ ಮುಗಿಸಿದೆ.

“ಸರ, ಕಾಲೇಜಿನ್ಯಾಗೂ ಹಿಂಗ ಮೂರ್ಮೂರ ಸಲ ಹೇಳ್ತೀರೇನ್ರಿ?” ಎಂದು ಯಾರೋ ನಕ್ಕರು.

ಚಪ್ಪಲಿ ಬಿಡುವ ಜಾಗದಲ್ಲಿ ದಸ್ತಗೀರನನ್ನು ಹಿಡಿದೆ. “ಯಾಕ ಸುಮ್ಮನ ನಿಂತಿ? ನನ್ನ ಮರ್ಯಾದಿ ಹೋಗೂದು ನೋಡಬೇಕಾಗಿತ್ತೇನ್ ನಿನಗ?”

ಅವನು ಕೈ ಬಿಡಿಸಿಕೊಂಡ. ಗಾಡಿಯ ಕಿಕ್ ಒದ್ದು ಹೋಗಿಬಿಟ್ಟ. ಮರುದಿನ ಫಜರ್‌ಗೂ ಬರಲಿಲ್ಲ.

ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು, ತೊಡೆಯ ಮೇಲೆ ಕುರ್‌ಆನ್ ತೆರೆದು, ಮೊದಲ ಬಾರಿ ಆ ರೆಕಾರ್ಡಿಂಗ್ ಕೇಳಿದೆ. ಎರಡನೆಯ ಪುಟದಲ್ಲೇ ನನ್ನ ತಪ್ಪು, ಅದರ ಮೇಲೆ ಅವನ “ಮುಂದ”. ಒಂದು ಕಡೆ ಎರಡು ಸಾಲು ಹಾರಿದ್ದೆ. ಅಲ್ಲೂ “ಮುಂದ”. ಸೂರಃ ಯೂಸುಫ್ ಹುಡುಕಿ ತೆಗೆದೆ. ಅದೇ ಜಾಗದಲ್ಲಿ ಮೊದಲನೆಯ ಮಾತನ್ನೇ ಮುಗಿಸಿ, ಬಾವಿಗೆ ಹೋಗದೆ ಎರಡನೆಯದರ ಮುಂದಿನ ಸಾಲಿಗೆ ಹೇಗೋ ಹಾರಿಕೊಂಡಿದ್ದೆ. ಅದಕ್ಕೂ “ಮುಂದ”. ಹನ್ನೊಂದು ತಿಂಗಳು ನಾನು ಕಟ್ಟಿದ ಗೋಡೆಯ ಪ್ರತಿ ಸೊಟ್ಟ ಕಲ್ಲಿಗೂ ಅವನು ತಲೆ ಅಲ್ಲಾಡಿಸಿದ್ದ. ಅವಮಾನಕ್ಕಿಂತ ಈ ಮೋಸ ನನ್ನನ್ನು ಹೆಚ್ಚು ಸುಟ್ಟಿತು. ಅಲ್ಲಾಹನ ಮೇಲೂ ಸಿಟ್ಟು ಬಂತು. ಆತನ ವಾಣಿಗೆಂದೇ ತಾನೇ ನಾನು ತಿರುಗಿ ಬಂದದ್ದು?

ಮಧ್ಯಾಹ್ನ ಕಾಲೇಜು ಮುಗಿಸಿ ಹಾಫಿಝರನ್ನು ನೋಡಲು ಆಸ್ಪತ್ರೆಗೆ ಹೋದೆ. ಸಲೈನ್ ಹಚ್ಚಿದ್ದರು, ಅವರು ಮಲಗಿದ್ದರು. ಹೊರಗೆ ವರಾಂಡದ ಬೆಂಚಿನ ಮೇಲೆ ಕೂತು ಕೈ ಎತ್ತಿದೆ. “ಯಾ ಅಲ್ಲಾಹ್, ನನ್ನೊಳಗೆ ಈ ಓದು ಇದ್ದರೆ ಹಿಡಿದು ನಿಲ್ಲಿಸುವವರನ್ನು ಕೊಡು. ಇಲ್ಲದಿದ್ದರೆ ಪೂರ್ತಿ ಕಿತ್ತುಕೋ. ಸುಳ್ಳು ಸಮಾಧಾನ ಬೇಡ.” ಭಕ್ತಿಯ ದುಆ ಅಲ್ಲ ಅದು, ಜಗಳ.

ಕೈ ಇಳಿಸಿದಾಗ ದಸ್ತಗೀರ ಎರಡು ಎಳನೀರು ಹಿಡಿದು ಮೆಟ್ಟಿಲು ಹತ್ತುತ್ತಿದ್ದ. ಊರಿನ ಮಸೀದಿಗೆಂದು ಬಂದು ಕಾಯಿಲೆ ಬಿದ್ದವರನ್ನು ನೋಡಲು ಊರವನು ಬರುವುದು ಸಹಜ ಎನ್ನುವವರ ಜೊತೆ ನಾನು ವಾದಿಸುವುದಿಲ್ಲ. ನನ್ನನ್ನು ನೋಡಿ ಹಿಂದೆ ತಿರುಗಬಹುದಿತ್ತು. ತಿರುಗಲಿಲ್ಲ, ಬಂದು ಪಕ್ಕದಲ್ಲೇ ಕೂತ.

“ನನಗ ಬರಲಿಲ್ಲೋ,” ಅಂದ.

“ಏನು?”

“ಲುಕ್ಮಾ. ನನಗೂ ಅಲ್ಲಿ ಬಾವೀನ ಬಂತು. ನನ್ನ ತಲ್ಯಾಗ ಏನೂ ಉಳದಿಲ್ಲ. ಏಳೆಂಟು ಪಾರಾ ಇದ್ದಾವು. ಮಂದಿ ಹಾಫಿಝ್ ಅಂತಾರ, ನಾ ಹ್ಞೂಂ ಅನಕೋತ ಬಂದೆ.”

“ಮತ್ತ ಹನ್ನೊಂದ ತಿಂಗಳ ಏನ್ ಕೇಳಿದಿ?”

ಅವನು ಎಳನೀರಿನ ದೇಟನ್ನು ತಿರುವುತ್ತಿದ್ದ. “ನೀ ಓದೂದ ಕೇಳಿ ನಾ ಕಲೀತಿದ್ದೆ. ನೀ ಯುನಿವರ್ಸಿಟಿಯಾಂವ, ನೀ ತಪ್ಪಂಗಿಲ್ಲ ಅನಕೊಂಡಿದ್ದೆ.”

ನನಗೆ ಅವನಿಗೆ ಹೊಡೆಯಬೇಕೆನಿಸಿತು. ನಗುವೂ ಬಂತು. ನಾನು ಅವನನ್ನು ನಂಬಿ ಓದಿದ್ದೆ, ಅವನು ನನ್ನನ್ನು ನಂಬಿ ಕೇಳಿದ್ದ. ಈಗ ಇಬ್ಬರ ಬಾಯಲ್ಲೂ ಅವೇ ತಪ್ಪುಗಳು. ಕುರ್‌ಆನ್ ಪ್ರತಿ ಇಡೀ ವರ್ಷ ಮಸೀದಿಯ ಗೂಡಿನಲ್ಲಿ, ನಮ್ಮಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು.

ಅಂದು ರಾತ್ರಿ ಇಶಾ ನಮಾಝಿಗೆ ಮೊದಲು ಅವನು ಎಲ್ಲರ ಮುಂದೆ ಎದ್ದು ನಿಂತ. “ನಿನ್ನೆ ತಪ್ಪು ಸರ್‌ದ್ದಲ್ರಿ. ಹಿಂದ ನಿಂತಾಂವ ನಾ. ನಂದು. ಇನ್ಮ್ಯಾಲೆ ನನಗ ಹಾಫಿಝ್ ಅನಬ್ಯಾಡ್ರಿ, ದಸ್ತಗೀರ ಅನ್ರಿ.” ಯಾರೂ ನಗಲಿಲ್ಲ. ಬಾಬುಸಾಬ ಕಾಕಾ ಅವನ ಹೆಗಲು ತಟ್ಟಿ, “ಕುಂದ್ರಪಾ, ದಸ್ತಗೀರ” ಅಂದರು. ಅಣ್ಣಿಗೇರಿಯಿಂದ ಬೇರೊಬ್ಬ ಹಾಫಿಝರು ಬಂದು ಉಳಿದ ತರಾವೀಹ್ ಓದಿಸಿದರು. ನಾವಿಬ್ಬರು ಮೂರನೆಯ ಸಾಲಿನಲ್ಲಿ ನಿಂತು ಕೇಳಿದೆವು.

ಅವನನ್ನು ಪೂರ್ತಿ ಕ್ಷಮಿಸಿದ್ದೇನೆ ಎಂದರೆ ಸುಳ್ಳಾದೀತು. ಕೆಲವು ಬೆಳಿಗ್ಗೆ ಆ “ಮುಂದ” ನೆನಪಾಗಿ ಎದೆ ಉರಿಯುತ್ತದೆ. ಆದರೆ ಈದ್ ಮುಗಿದ ಮರುದಿನ ನಾವು ಮತ್ತೆ ಅದೇ ಪಡಸಾಲೆಯಲ್ಲಿ ಕೂತೆವು. ಈ ಸಲ ಕುರ್‌ಆನ್ ನಮ್ಮಿಬ್ಬರ ನಡುವೆ ತೆರೆದಿತ್ತು. ಸೂರಃ ಯೂಸುಫ್‌ನಿಂದಲೇ ಶುರು ಮಾಡು ಎಂದ. ಆ ಜಾಗಕ್ಕೆ ಬಂದಾಗ ನನ್ನ ನಾಲಿಗೆ ಮತ್ತೆ ಹಳೆಯ ದಾರಿ ಹಿಡಿಯಿತು. ಗ್ರೀಸು ಅಂಟಿದ ಉಗುರಿನ ಬೆರಳನ್ನು ಸಾಲಿನ ಮೇಲೆ ಇಟ್ಟುಕೊಂಡಿದ್ದ ದಸ್ತಗೀರ ಇನ್ನೊಂದು ಕೈಯಿಂದ ನನ್ನ ಮೊಣಕಾಲು ಹಿಡಿದ.

“ನಿಲ್ಲೋ. ಬಾವೀ ಕಡೆ ಹೊಂಟಿ. ಹೊಳ್ಳಿ ಬಾ.”

ಹಿಡಿದು ನಿಲ್ಲಿಸುವವರನ್ನು ಕೇಳಿದ್ದೆ. ನಾನಾಗಿದ್ದರೆ ಬೇರೆಯವನನ್ನು ಆರಿಸುತ್ತಿದ್ದೆ, ಅಲ್ಲಾಹನು ಇವನನ್ನೇ ತಿರುಗಿ ಕೊಟ್ಟ. ಅಲ್‌ಹಮ್ದುಲಿಲ್ಲಾಹ್, ಸ್ತುತಿಯೆಲ್ಲ ಅವನಿಗೇ. ಇಬ್ಬರಿಂದಲೂ ಹದಿನಾಲ್ಕು ಪಾರಾ ತಪ್ಪಿಲ್ಲದೆ ಆಗಿವೆ. ಉಳಿದ ಹದಿನಾರಕ್ಕೆ ನಿಮ್ಮ ದುಆದಲ್ಲಿ ನಮ್ಮಿಬ್ಬರ ಹೆಸರೂ ಇರಲಿ, ಒಬ್ಬನದು ಮಾತ್ರ ಬೇಡ. ಅಂದು ನಾನು ಹಿಂದೆ ಬಂದು ಆ ಸಾಲನ್ನು ಸರಿಯಾಗಿ ಹೇಳಿದೆ: ಅಲ್ಲಾಹನು ಅವರೆಲ್ಲರನ್ನೂ ಒಟ್ಟಿಗೇ ನನ್ನ ಬಳಿ ತಂದಾನು. ದಸ್ತಗೀರ ಬೆರಳನ್ನು ಮುಂದಿನ ಸಾಲಿಗೆ ಸರಿಸಿದ.