ನಿದ್ದೆ ಬಾರದ ಗುಳಿಗೆ

ನಮ್ಮ ಕಡೆ ಗುಳಿಗೆಗೆ ಬೆಲೆ ಬರುವುದೇ ಅದು ಮನುಷ್ಯನನ್ನು ಮಲಗಿಸಿದರೆ. ನುಂಗಿದ ಮೇಲೆ ಮಂಪರು ಹತ್ತಿತೋ, ಡಾಕ್ಟರ ಕೈಗುಣ ಚೆನ್ನಾಗಿದೆ. ಹತ್ತಲಿಲ್ಲವೋ, ಔಷಧಿಯಲ್ಲಿ ಪವರಿಲ್ಲ. ಹರಿಹರದಲ್ಲಿ ಕ್ಲಿನಿಕ್ ಇಟ್ಟಾಗಿನಿಂದ ಇದನ್ನು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿದೆ.

ಕಳೆದ ಸುಗ್ಗಿಯಲ್ಲಿ ಭಾನುವಳ್ಳಿಯಿಂದ ಒಬ್ಬ ಶಾಲಾ ವ್ಯಾನಿನ ಡ್ರೈವರ್ ಬಂದಿದ್ದ. ಭತ್ತ ಕೊಯ್ಯುವ ಮಷೀನು ಗದ್ದೆಗಿಳಿದರೆ ಸಾಕು, ಅವನಿಗೆ ಸೀನು ಶುರು, ಕಣ್ಣಲ್ಲಿ ನೀರು. ಮಕ್ಕಳನ್ನು ಕೂರಿಸಿಕೊಂಡು ಓಡಿಸುವವನಿಗೆ ತೂಕಡಿಕೆ ತರುವ ಹಳೆಯ ಗುಳಿಗೆ ಕೊಡುವ ಮಾತೇ ಇಲ್ಲ. ಬೇರೆ ಔಷಧಿ ಏನಾದರೂ ನಡೆಯುತ್ತಿದೆಯಾ, ಕಿಡ್ನಿ ತೊಂದರೆ ಇದೆಯಾ ಎಂದೆಲ್ಲ ಕೇಳಿ, ನಿದ್ದೆ ತರಿಸದ ಜಾತಿಯದನ್ನು ದಿನಕ್ಕೆ ಒಂದೇ ಎಂದು ಬರೆದೆ. ಹಣ್ಣಿನ ರಸದ ಜೊತೆ ಬೇಡ, ನೀರಲ್ಲೇ ನುಂಗಬೇಕು, ಮೈಗೆ ಹೇಗೆ ಒಗ್ಗುತ್ತದೆ ಎಂದು ನೋಡಿಕೊಂಡೇ ಗಾಡಿ ಹತ್ತಬೇಕು ಎಂದೂ ಹೇಳಿದೆ. ಎಲ್ಲದಕ್ಕೂ ತಲೆಯಾಡಿಸಿ ಹೋದ.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಅವನ ಹೆಂಡತಿ ತನ್ನ ಬಿಪಿ ತೋರಿಸಲು ಬಂದಳು. ತೋಳಿಗೆ ಪಟ್ಟಿ ಸುತ್ತುತ್ತಾ ಗಂಡನ ಸೀನು ಹೇಗಿದೆ ಎಂದು ಕೇಳಿದೆ. ನಿಮ್ಮ ಗುಳಿಗೆಗೆ ನಿದ್ದೆಯೇ ಬರಲಿಲ್ಲ, ಪವರು ಸಾಲದು ಅನ್ನಿಸಿ ಇವತ್ತು ಮನೆಯಲ್ಲಿದ್ದ ಹಳೇ ಹಳದಿ ಸೀನಿನ ಗುಳಿಗೆ ಎರಡನ್ನು ಜೊತೆಗೆ ಕೊಟ್ಟೆ ಎಂದು ಸಲೀಸಾಗಿ ಹೇಳಿದಳು. ಅವನಿಗೆ ಗೊತ್ತೂ ಇಲ್ಲವಂತೆ. ರೊಟ್ಟಿ ತಿಂದು ಕೈಯೊಡ್ಡಿದರೆ ಇವಳು ಇಟ್ಟದ್ದನ್ನು ಬಾಯಿಗೆ ಹಾಕಿಕೊಳ್ಳುವ ಮನುಷ್ಯ ಅವನು.

ಪಟ್ಟಿಗೆ ಗಾಳಿ ಒತ್ತುವುದನ್ನು ನಿಲ್ಲಿಸಿದೆ. ಈಗ ಎಲ್ಲಿದ್ದಾನೆ ಎಂದೆ. ಮಕ್ಕಳನ್ನು ತುಂಬಿಕೊಂಡು ಹೊರಟಿರುತ್ತಾರೆ ಎಂದಳು.

ಇವಳನ್ನು ಬೈಯಲೋ ಅವನಿಗೆ ಫೋನ್ ಮಾಡಲೋ ತಿಳಿಯದೆ ಎರಡನ್ನೂ ಮಾಡಿದೆ. ಅದು ನಿದ್ದೆ ತರುವ ಗುಳಿಗೆ ತಾಯಿ, ಸ್ಟೇರಿಂಗ್ ಹಿಡಿದವನಿಗೆ ಕೊಡುತ್ತಾರಾ ಎಂದು ಕೂಗಾಡಿದೆ. ಅವನು ಫೋನ್ ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಮುಟ್ಟುವವನೇ ಅಲ್ಲ. ಅದಕ್ಕೇ ಊರವರು ನಂಬಿ ಮಕ್ಕಳನ್ನು ಹತ್ತಿಸುವುದು. ಆ ಒಳ್ಳೆಯ ಗುಣದ ಮೇಲೂ ನನಗೆ ಸಿಟ್ಟು ಬಂತು. ಶಾಲೆಗೆ ಫೋನ್ ಮಾಡಿ ಕೇಳಿದರೆ ವ್ಯಾನು ಇನ್ನೂ ಬಂದಿಲ್ಲ. ವ್ಯಾನು ಬರಬೇಕಾದ ಚಾನಲ್ ದಂಡೆಯ ಇಕ್ಕಟ್ಟು ರಸ್ತೆ, ಪಕ್ಕದ ಕಾಲುವೆ ನೀರು ನೆನಪಾಯಿತು. ಕೂತೆ, ಎದ್ದೆ, ಬಾಗಿಲ ತನಕ ಹೋಗಿ ಬಂದೆ. ಹೊರಗೆ ಪೇಷಂಟುಗಳು ಗೊಣಗುತ್ತಿದ್ದರು.

ಪಟ್ಟಿ ಬಿಚ್ಚದೆ ಕೂತಿದ್ದ ಹೆಂಡತಿ ಮೆಲ್ಲಗೆ ಬಾಯಿ ತೆರೆದಳು.

"ನಮ್ಮ ಹುಡುಗೀನೂ ಅದೇ ಗಾಡಿಯಾಗೆ ಅದಾಳ್ರಿ."

ಬೈಯುವುದನ್ನು ಬಿಟ್ಟೆ. ಮತ್ತೆ ಮತ್ತೆ ಅದೇ ನಂಬರು ಒತ್ತಿದೆ.

ಕೊನೆಗೆ ಅವನೇ ಮಾಡಿದ. ಸ್ಪೀಕರ್ ಹಾಕಿದೆ. ಮಾತು ಎಳೆದೆಳೆದು ಬರುತ್ತಿತ್ತು, ಆದರೆ ಆಸಾಮಿ ಖುಷಿಯಲ್ಲಿದ್ದ. "ಮೇಡಂ, ನಿಮ್ಮ ಗುಳಿಗೆ ಈಗ ಹಿಡಿದೈತೆ ನೋಡ್ರಿ. ಸೀನೇ ಇಲ್ಲ, ಕಣ್ಣು ಎಳೀತಾವೆ."

ಹೆಂಡತಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. "ಅದು ಮೇಡಂ ಗುಳಿಗೆ ಅಲ್ರಿ, ನಾ ಕೊಟ್ಟ ನಿದ್ದೆ ಗುಳಿಗೆ. ಗಾಡಿ ಮುಟ್ಟಬ್ಯಾಡ್ರಿ. ಎಲ್ಲಿದೀರಿ? ಹುಡುಗಿ ಎಲ್ಲೈತೆ?"

ಆ ಕಡೆ ಅವನು ವ್ಯಾನಿನ ಬಾಗಿಲು ತೆಗೆದು ಇಳಿದ ಸದ್ದು ಕೇಳಿತು.

"ಸ್ಕೂಲ್ ಮುಂದೆ ಅದೀನಿ. ಎಲ್ರೂ ಇಳಿದ್ರು, ಆಕೀನೂ ಇಳಿದ್ಲು," ಎಂದ. ಆಮೇಲೆ ಅವನ ದನಿಯೇ ಬದಲಾಗಿತ್ತು. "ಚಾನಲ್ ದಂಡೆ ಮ್ಯಾಲೆ ಆಕೀನೇ ನನ್ನ ಎಬ್ಬಿಸಿದ್ಲು."